ಜಾಕ್ ಕಾಲೋನ ಕುಣಿಯುವ ವಿಕಟರು: ಇವರು ನಿಜವಾಗಿ ರಂಗದ ಮೇಲೆ ಇದ್ದರೇ?

ಪರದೆ ಎಳೆಯುವವ:

ನಮ್ಮದು ಸಣ್ಣ ಹವ್ಯಾಸಿ ತಂಡ. ಮಳೆಗಾಲ ಮುಗಿದ ಮೇಲೆ ಮುಖವಾಡ ತೊಟ್ಟು ಆಶುವಾಗಿ ಆಡುವ ಇಟಲಿಯ ಹಳೆಯ ರಂಗಪ್ರಕಾರ ಕೊಮೆದಿಯಾ ದೆಲ್ಲಾರ್ತೆಯ ಧಾಟಿಯಲ್ಲಿ ಒಂದು ಪ್ರಹಸನ ಆಡಬೇಕೆಂದಿದ್ದೇವೆ. ಆರು ಮುಖವಾಡ ಬೇಕು. ಮಾದರಿಗಾಗಿ ಹುಡುಕಿದರೆ ಎಲ್ಲಿ ಹೋದರೂ ಒಬ್ಬನೇ ಕಲಾವಿದ ಎದುರಾಗುತ್ತಾನೆ: ಜಾಕ್ ಕಾಲೋ. ಕೊಕ್ಕಿನಂಥ ಮೂಗು, ಟೋಪಿಯಲ್ಲಿ ಸೆಟೆದು ನಿಂತ ಗರಿಗಳು, ಕಡ್ಡಿಯಂಥ ಕಾಲು, ಮುಂದಕ್ಕೆ ಚಾಚಿದ ಹೊಟ್ಟೆ, ಅದಕ್ಕಿಂತ ಹೆಚ್ಚು ಹಿಂದಕ್ಕೆ ಚಾಚಿದ ಪೃಷ್ಠ. ಇವು ‘ಬಾಲ್ಲಿ ದಿ ಸ್ಫೆಸ್ಸಾನಿಯಾ’ ಎಂಬ ಎಚಿಂಗ್ (ಲೋಹದ ತಗಡಿನಿಂದ ಒತ್ತಿದ ಅಚ್ಚುಚಿತ್ರ) ಮಾಲೆಯವಂತೆ. ಸಿಕ್ಕ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಟರ ಕೈಗೆ ಕೊಟ್ಟೆ. ಒಬ್ಬ ಅದೇ ಭಂಗಿಯಲ್ಲಿ ನಿಲ್ಲಲು ಹೋಗಿ ಸೊಂಟ ಉಳುಕಿಸಿಕೊಂಡು ಎರಡು ದಿನದಿಂದ ತಾಲೀಮಿಗೆ ಬಂದಿಲ್ಲ.

ಆ ಕಾಲದ ನಟರು ನಿಜವಾಗಿಯೂ ಹೀಗೆ ನಿಲ್ಲುತ್ತಿದ್ದರೇ? ಅಥವಾ ಇದೆಲ್ಲ ಚಿತ್ರಕಾರನ ಕೈಚಳಕವೇ?

ಹಳೆಯ ಓದುಗ:

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡಲಿ. ಉಳಿದದ್ದಕ್ಕೆ ಉತ್ತರ ಸ್ವಲ್ಪ ಉದ್ದ.

ಕಾಲೋ 1592ರಲ್ಲಿ ಲೊರೇನಿನ ನಾನ್ಸಿಯಲ್ಲಿ ಹುಟ್ಟಿದವನು. ಲೊರೇನ್ ಆಗ ಫ್ರಾನ್ಸಿಗೆ ಸೇರಿರಲಿಲ್ಲ. ಅಲ್ಲಿ ಡ್ಯೂಕರ ಆಳ್ವಿಕೆ. ಅಪ್ಪ ಆ ಆಸ್ಥಾನದಲ್ಲಿ ಲಾಂಛನ, ಮೆರವಣಿಗೆ, ವಿಧಿವಿಧಾನಗಳನ್ನು ನೋಡಿಕೊಳ್ಳುವ ಅಧಿಕಾರಿ. ಎಂದರೆ ಹುಡುಗ ಆಡಂಬರದ ನಡುವೆಯೇ ಬೆಳೆದ. ಮೊದಲು ಅಕ್ಕಸಾಲಿಗನೊಬ್ಬನ ಬಳಿ ಕೆಲಸ ಕಲಿತು, ರೋಮ್‌ನಲ್ಲಿ ತಾಮ್ರದ ಕೆತ್ತನೆ ಕಲಿತು, 1612ರ ಹೊತ್ತಿಗೆ ಫ್ಲಾರೆನ್ಸ್ ಸೇರಿಕೊಂಡ. ಅಲ್ಲಿನ ದೊರೆ ಎರಡನೆಯ ಕೋಸಿಮೋ ಮೆಡಿಚಿಯ ಆಶ್ರಯ ಸಿಕ್ಕಿತು. 1621ರಲ್ಲಿ ಕೋಸಿಮೋ ತೀರಿಕೊಂಡ, ಆಶ್ರಯವೂ ಹೋಯಿತು, ಕಾಲೋ ಊರಿಗೆ ಮರಳಿದ. ನೀವು ಹೇಳುವ ಮಾಲೆ ಹೆಚ್ಚುಕಡಿಮೆ ಆ ವರ್ಷಗಳದ್ದು. ಒಟ್ಟು 24 ಚಿತ್ರಗಳು.

ಈಗ ತಕರಾರಿಗೆ ಬರೋಣ. ಇದನ್ನು ಕೊಮೆದಿಯಾ ದೆಲ್ಲಾರ್ತೆಯ ಫೋಟೋ ಆಲ್ಬಮ್ ಎಂಬಂತೆ ಎಲ್ಲರೂ ಬಳಸುತ್ತಾರೆ. ಆ ರಂಗಭೂಮಿಯ ಅತಿ ಹೆಸರುವಾಸಿ ಇಬ್ಬರು ತುಂಟ ಸೇವಕ ಆರ್ಲೆಕ್ಕಿನೋ ಮತ್ತು ಜಿಪುಣ ಮುದುಕ ಪಾಂತಲೋನೆ. ಈ 24ರಲ್ಲಿ ಇಬ್ಬರೂ ಇಲ್ಲ! ಮದುವೆಯ ಆಲ್ಬಮ್‌ನಲ್ಲಿ ಮದುಮಕ್ಕಳೇ ಇಲ್ಲದ ಹಾಗೆ. ಹೆಸರೇ ಹೇಳುವಂತೆ ಇವು ‘ಬಾಲ್ಲಿ’, ಕುಣಿತಗಳು. ಸ್ಫೆಸ್ಸಾನಿಯಾ ಎಂಬುದು ನೇಪಲ್ಸ್ ಕಡೆಯ ಒಂದು ಕುಣಿತ. ಕೈಕಾಲು ತಿರುಚಿ, ಎದುರುಬದುರಾಗಿ, ಪೋಲಿತನಕ್ಕೆ ನಾಚದೆ ಕುಣಿಯುವ ಬಗೆ. ಒಂದು ಚಿತ್ರದಲ್ಲಿ ಎನಿಮಾ ಕೊಡುವ ದೊಡ್ಡ ಪಿಚಕಾರಿಯೇ ಆಯುಧ.

ನಾಟಕದ ವೇಷಗಳೇ ಬೇಕೆಂದಿದ್ದರೆ ಕಾಲೋನ ಬೇರೆ ಮೂರು ಚಿತ್ರಗಳಿವೆ, ಫ್ಲಾರೆನ್ಸಿನವು: ಪಾಂತಲೋನೆ, ಬಡಾಯಿ ದಂಡನಾಯಕ ಕಪಿತಾನೋ, ಸೇವಕ ಜಾನ್ನಿ, ಒಬ್ಬೊಬ್ಬರಿಗೆ ಒಂದೊಂದು ತಗಡು. ಅವು ಆಕಾರದಲ್ಲೂ ದೊಡ್ಡವು. ಅಲ್ಲಿ ಆಕೃತಿ ನೆಟ್ಟಗೆ ನಿಂತಿದೆ, ಬಟ್ಟೆ ಬಟ್ಟೆಯಂತಿದೆ, ಹಿಂದೆ ಅಟ್ಟ ಕಟ್ಟಿ ನಾಟಕ ಆಡುತ್ತಿದ್ದಾರೆ, ಜನ ನೋಡುತ್ತಿದ್ದಾರೆ. ನಿಮ್ಮ ದರ್ಜಿಗೆ ತೋರಿಸಬೇಕಾದದ್ದು ಅದು.

ಪರದೆ ಎಳೆಯುವವ:

ಓದುಗರೇ, ನಾಟಕದವರಲ್ಲದಿದ್ದರೆ ಪ್ರತಿಯೊಬ್ಬನ ಕಾಲ ಬುಡದಲ್ಲಿ ಪಾತ್ರದ ಹೆಸರು ಯಾಕೆ ಬರೆದಿದ್ದಾನೆ? ಪುಲ್ಚಿನೆಲ್ಲಾ ಇದ್ದಾನೆ, ಸ್ಕರಮುಚ್ಚಿಯಾ ಇದ್ದಾನೆ. ಇವರು ರಂಗದವರೇ ಅಲ್ಲವೇ?

ಹಳೆಯ ಓದುಗ:

ಕೆಲವರು ಹೌದು. ಹೆಸರುಗಳನ್ನು ಬಿಡಿಸಿ ಓದಿದರೆ ಮಜವಾಗಿವೆ. ಸ್ಪೆಸ್ಸಾ ಮೊಂತಿ ಎಂದರೆ ಬೆಟ್ಟ ಒಡೆಯುವವ. ಮಾಲಾ ಗಾಂಬಾ, ಸೊಟ್ಟಗಾಲ. ಅವನ ಜೋಡಿ ಬೆಲ್ಲಾವೀತಾ, ಸುಖಜೀವಿ. ಒಬ್ಬ ದಂಡನಾಯಕನ ಹೆಸರು ಮೊಸಳೆ. ಹಲವರು ‘ಕ್ಯಾಪ್ಟನ್’ಗಳು, ಕತ್ತಿ ಝಳಪಿಸುವುದೇ ಜಾಸ್ತಿ, ಚುಚ್ಚುವುದು ಯಾರಿಗೂ ಇಲ್ಲ. ಬಡಾಯಿಕೋರ ಸೈನಿಕನನ್ನು ಗೇಲಿ ಮಾಡುವುದು ಇಟಲಿಯವರಿಗೆ ಬಲು ಇಷ್ಟ. ನೇಪಲ್ಸ್ ಆಗ ಸ್ಪೇನಿನ ಆಳ್ವಿಕೆಯಲ್ಲಿತ್ತು ಎಂಬುದನ್ನು ನೆನಪಿಡಿ. ರಂಗದ ಹೆಸರು, ಬೀದಿಯ ಹೆಸರು, ಕುಣಿತದ ಹಾಡಿನ ಹೆಸರು ಎಲ್ಲ ಕಲಸಿ ಇಟ್ಟಿದ್ದಾನೆ. ‘ಇದ್ದರೇ ಇಲ್ಲವೇ’ ಎಂಬ ಪ್ರಶ್ನೆಗೆ ನನ್ನ ಉತ್ತರ: ಬಿಡಿಬಿಡಿಯಾಗಿ ಇದ್ದರು. ಹೀಗೆ ಒಟ್ಟಾಗಿ, ಹೀಗೆ ಬಾಗಿ ಇದ್ದದ್ದು ಕಾಲೋನ ತಗಡಿನ ಮೇಲೆ.

ತಾಮ್ರದ ತಗಡು:

ತಗಡಿನ ಮಾತು ಬಂತು, ಇನ್ನು ಸುಮ್ಮನಿರಲಾರೆ. ನಾನು ಮುದ್ರಣಕಲೆ ಕಲಿತವಳು. ಓದುವ ದಿನಗಳಲ್ಲಿ ನೈಟ್ರಿಕ್ ಆಮ್ಲದ ಹಳದಿ ಕಲೆ ಬೆರಳಿನಿಂದ ಮಾಯುವ ಮೊದಲೇ ಇನ್ನೊಂದು ಬೀಳುತ್ತಿತ್ತು. ಆ ಅನುಭವದಿಂದ ಹೇಳುತ್ತೇನೆ: ಆ ಭಂಗಿಗಳ ಗುಟ್ಟು ನೇಪಲ್ಸಿನಲ್ಲಿ ಅಲ್ಲ, ಉಪಕರಣದಲ್ಲಿ ಹುಡುಕಿ.

ಎಚಿಂಗ್ ಎಂದರೆ ತಗಡಿಗೆ ಆಮ್ಲ ತಾಕದಂಥ ಲೇಪ ಬಳಿದು, ಲೇಪವನ್ನು ಸೂಜಿಯಿಂದ ಗೀರಿ, ಆಮ್ಲಕ್ಕೆ ಒಡ್ಡುವುದು. ಗೀರಿದಲ್ಲಿ ಮಾತ್ರ ಲೋಹ ಕರಗಿ ಗೆರೆ ಆಳವಾಗುತ್ತದೆ. ಆ ಗೆರೆಯಲ್ಲಿ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದಕ್ಕೆ ಒತ್ತಿದರೆ ಚಿತ್ರ. ಯೂರೋಪಿನಲ್ಲಿ ಇದು ಶುರುವಾದದ್ದು ಕವಚದ ಮೇಲೆ ಚಿತ್ತಾರ ಕೊರೆಯುವವರಿಂದ. ಔಗ್ಸ್‌ಬುರ್ಗ್‌ನ ಡೇನಿಯಲ್ ಹಾಪ್ಫರ್ 1500ರ ಆಸುಪಾಸಿನಲ್ಲಿ ಅದನ್ನು ಕಾಗದಕ್ಕೆ ತಂದ. ಕಬ್ಬಿಣದ ತಗಡು, ಒರಟು ಗೆರೆ. ಜರ್ಮನಿಯ ಹೆಸರಾಂತ ಕಲಾವಿದ ಡ್ಯೂರರ್ ಕೂಡ ಕೆಲವನ್ನು ಮಾಡಿ ನೋಡಿ ಕೈಬಿಟ್ಟ. ಮೇಣದ ಲೇಪ ಮೆತ್ತಗೆ. ಹೆಚ್ಚು ಹೊತ್ತು ಆಮ್ಲದಲ್ಲಿಟ್ಟರೆ ಅಂಚು ಕಿತ್ತುಕೊಂಡು ಬರುತ್ತದೆ, ಆಮ್ಲ ಬೇಡದ ಕಡೆಗೆಲ್ಲ ನುಗ್ಗುತ್ತದೆ. ಒಂದು ವಾರದ ಕೆಲಸ ಹಾಗೆ ಹಾಳಾದಾಗ ನಾನು ಅತ್ತಿದ್ದೇನೆ.

ಕಾಲೋ ಮಾಡಿದ್ದೇನು? ವೀಣೆಯಂಥ ತಂತಿವಾದ್ಯಗಳನ್ನು, ಅಂದರೆ ಲ್ಯೂಟ್‌ಗಳನ್ನು ಮಾಡುವ ಬಡಗಿಗಳು ಬಳಸುತ್ತಿದ್ದ ಗಟ್ಟಿ ವಾರ್ನಿಷನ್ನು ತಂದು ತಗಡಿಗೆ ಬಳಿದ. ಅಗಸೆಎಣ್ಣೆ, ಮಾಸ್ಟಿಕ್ ಎಂಬ ಅಂಟು. ಕೆಂಡದ ಮೇಲೆ ಹಿಡಿದು ಕಾಯಿಸಿದರೆ ಕಲ್ಲಿನಂತಾಗುತ್ತದೆ. ಈಗ ಎಷ್ಟು ಸಲ ಬೇಕಾದರೂ ಆಮ್ಲ ಹರಿಸಬಹುದು. ಮೊದಲ ಸುತ್ತಿನಲ್ಲಿ ದೂರದ ಗೆರೆಗಳು ಕೂದಲಿನಷ್ಟು ಕೊರೆದಾಗ ಅವನ್ನು ಕೊಬ್ಬು ಎಣ್ಣೆಯ ಮಿಶ್ರಣದಿಂದ ಮುಚ್ಚಿಬಿಡುವುದು. ಹತ್ತಿರದವು ಇನ್ನಷ್ಟು ಆಳವಾಗಲಿ ಎಂದು ಮತ್ತೆ ಹರಿಸುವುದು. ಅಬ್ರಹಾಂ ಬೋಸ್ 1645ರಲ್ಲಿ ಈ ಕಸುಬನ್ನೆಲ್ಲ ಪುಸ್ತಕವಾಗಿ ಬರೆದಿಟ್ಟ. ಗಟ್ಟಿ ಲೇಪಕ್ಕೆ ಅವನು ಹೇಳುವ ಆಮ್ಲ ವಿನೆಗರ್, ನವಸಾಗರ, ಉಪ್ಪು, ತಾಮ್ರದ ಕಿಲುಬು ಸೇರಿಸಿ ಕುದಿಸಿದ್ದು. ತಗಡನ್ನು ಓರೆಯಾಗಿ ನಿಲ್ಲಿಸಿ ಅದರ ಮೇಲೆ ಸುರಿಯುತ್ತಲೇ ಇರಬೇಕು. ಅಡುಗೆಮನೆಯ ಕೆಲಸ ಎನ್ನಿಸುವುದಿಲ್ಲವೇ?

ಜೊತೆಗೆ ಸೂಜಿಯ ಬದಲು ‘ಎಶೋಪ್’. ತುದಿಯನ್ನು ಓರೆಯಾಗಿ ಕತ್ತರಿಸಿದ ಉಕ್ಕಿನ ಕಡ್ಡಿ. ಎಳೆಯುತ್ತ ಬೆರಳಲ್ಲೇ ತಿರುಗಿಸಿದರೆ ಗೆರೆ ಸಣ್ಣಗೆ ಹುಟ್ಟಿ, ಉಬ್ಬಿ, ಮತ್ತೆ ಸಣ್ಣಗಾಗುತ್ತದೆ. ಕಾಲೋನ ಕುಣಿತಗಾರನ ಮೀನಖಂಡ ನೋಡಿ: ಮೊಣಕಾಲಲ್ಲಿ ಎಳೆ, ಮೀನಖಂಡದಲ್ಲಿ ಉಬ್ಬು, ಹರಡಿನಲ್ಲಿ ಮತ್ತೆ ಎಳೆ. ಬೆನ್ನಿಗೂ ಅದೇ, ಗರಿಗೂ ಅದೇ. ಕೈ ತಿರುಗಿದಂತೆ ದೇಹ ತಿರುಗಿದೆ. ನಿಮ್ಮ ನಟ ಸೊಂಟ ಉಳುಕಿಸಿಕೊಂಡದ್ದು ಒಂದು ಉಕ್ಕಿನ ಕಡ್ಡಿಯನ್ನು ಅನುಕರಿಸಲು ಹೋಗಿ.

ಪ್ರಶ್ನೆಗಾರ್ತಿ:

ಎಲ್ಲವನ್ನೂ ಉಪಕರಣದ ತಲೆಗೆ ಕಟ್ಟುವುದು ಅತಿಯಾಯಿತು. ಅದೇ ಎಶೋಪ್‌ನಿಂದ ಅವನು ಮರ, ಹಡಗು, ಸಂತರನ್ನೂ ಬಿಡಿಸಿದ್ದಾನಲ್ಲ? ಅವು ಕುಣಿಯುವುದಿಲ್ಲ.

ತಾಮ್ರದ ತಗಡು:

ಅವನ ಮರಗಳು ಕುಣಿಯುತ್ತವೆ, ಸ್ವಲ್ಪ ಗಮನಿಸಿ. ಸಂತರ ವಿಷಯದಲ್ಲಿ ಒಪ್ಪಿದೆ.

ಲಂಡನ್ನಿನ ಮಳೆ:

ನಾನು ಚಿತ್ರಕಲೆ ತಿಳಿದವನಲ್ಲ, ಸಾಫ್ಟ್‌ವೇರ್ ಕೆಲಸದವನು. ಆದರೆ ಇಲ್ಲಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಮುದ್ರಿತ ಚಿತ್ರಗಳ ಅಧ್ಯಯನ ಕೊಠಡಿ ಇದೆ. ಮೊದಲೇ ಕೇಳಿಕೊಂಡು ಹೋದರೆ ಯಾರಿಗಾದರೂ ತೋರಿಸುತ್ತಾರೆ. ಹಿಂದಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಈ ಮಾಲೆಯನ್ನು ನೋಡಿದ್ದೆ.

ಮೊದಲ ಆಶ್ಚರ್ಯ ಗಾತ್ರ. ಸುಮಾರು 7 ಸೆಂಟಿಮೀಟರ್ ಎತ್ತರ, 9 ಅಗಲ. ಇಸ್ಪೀಟಿನ ಎಲೆಯನ್ನು ಅಡ್ಡ ಮಲಗಿಸಿದಷ್ಟು. ಪರದೆಯ ಮೇಲೆ ಹಿಗ್ಗಿಸಿ ನೋಡಿ ನೋಡಿ ನಾನು ಗೋಡೆಗೆ ತೂಗುವ ಚಿತ್ರಗಳೆಂದುಕೊಂಡಿದ್ದೆ.

ಎರಡನೆಯದು, ಹಿಂದಿರುವವರು. ಮುಂದಿನ ಜೋಡಿಯ ಕಾಲುಗಳ ನಡುವೆ, ಉಗುರಿನಷ್ಟೆತ್ತರದ ಜನ. ಯಾರೋ ಬೆನ್ನು ತಿರುಗಿಸಿ ಹರಟುತ್ತಿದ್ದಾರೆ, ಯಾರೋ ಇನ್ನೊಂದು ಕುಣಿತ ನೋಡುತ್ತಿದ್ದಾರೆ, ಒಂದು ಕಡೆ ಅಟ್ಟದ ರಂಗವೇ ಇದೆ. ಮೊದಲ ಪುಟದಲ್ಲಂತೂ ಮೂವರು ಅಟ್ಟದ ಮೇಲೆ ಕುಣಿಯುತ್ತಿದ್ದರೆ ಪರದೆಯ ಸಂದಿನಿಂದ ಮುಖಗಳು ಇಣುಕುತ್ತಿವೆ. ನಾನು ಭೂತಗನ್ನಡಿ ಹಿಡಿದು ಇವರನ್ನೇ ನೋಡುತ್ತ ಕುಳಿತೆ. ಮುಂದಿನ ದೊಡ್ಡ ವಿಕಟರನ್ನು ಮರೆತೇಬಿಟ್ಟೆ. ತಾಮ್ರದ ತಗಡು ಅವರು ಹೇಳಿದ ಕೂದಲೆಳೆಯ ಗೆರೆ ಇವರದೇ ಇರಬೇಕು.

ಬಾಗಿದ ಬೆನ್ನು:

ಇಷ್ಟು ಹೊತ್ತು ಓದಿದೆ. ಕಾಲೋನದೇ ‘ಗೊಬ್ಬಿ’ ಮಾಲೆಯ ಹೆಸರನ್ನು ಯಾರೂ ಎತ್ತಲಿಲ್ಲ. ಗೊಬ್ಬಿ ಎಂದರೆ ಗೂನರು. ಮುಖಪುಟ ಸೇರಿ 21 ಚಿತ್ರ, ಮುಖಪುಟದಲ್ಲಿ 1616 ಎಂದಿದೆ. ಗೂನುಬೆನ್ನಿನ ಕುಳ್ಳರು ಪಿಟೀಲು ಬಾರಿಸುತ್ತಾರೆ, ಕುಡಿಯುತ್ತಾರೆ, ಕತ್ತಿ ಹಿಡಿಯುತ್ತಾರೆ. ಒಬ್ಬ ಮಾಂಸ ಸುಡುವ ಕಬ್ಬಿಣದ ಸಲಾಕೆಗಳ ಜಾಲರಿಯನ್ನೇ ಪಿಟೀಲಿನಂತೆ ಹಿಡಿದು ಉಜ್ಜುತ್ತಿದ್ದಾನೆ.

ನನ್ನ ಬೆನ್ನುಮೂಳೆ ಹುಟ್ಟಿನಿಂದ ಬಾಗಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೂರು ವರ್ಷ ಸತತ ನನಗೆ ಮಂಥರೆಯ ಪಾತ್ರ. ವೇಷದ ಖರ್ಚು ಉಳಿಯಿತು ಎಂದು ಮೇಷ್ಟರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದ್ದರಿಂದ ‘ವಿಕಟ’ ಎಂಬ ಪದವನ್ನು ನೀವೆಲ್ಲ ಎಷ್ಟು ಸಲೀಸಾಗಿ ಬಳಸುತ್ತಿದ್ದೀರಿ ಎಂದು ಎಣಿಸುತ್ತಿದ್ದೆ.

ಹೇಳಬೇಕಾದದ್ದು ಬೈಗುಳವಲ್ಲ. ಲಂಡನ್ನಿನವರು ಬರೆದದ್ದನ್ನು ಓದಿ ಮತ್ತೆ ಗೊಬ್ಬಿ ಚಿತ್ರಗಳನ್ನು ತೆರೆದೆ. ಅಲ್ಲಿ ಹಿಂದೆ ಯಾರೂ ಇಲ್ಲ. ಕಾಲ ಕೆಳಗೆ ತುಸು ನೆಲ, ನೆರಳು. ಮಿಕ್ಕದ್ದೆಲ್ಲ ಬಿಳಿ ಕಾಗದ. ಕುಣಿತದ ಮಾಲೆಯಲ್ಲಿ ನೋಡುವವರನ್ನು ಅವನೇ ಕೂರಿಸಿದ್ದಾನೆ. ಇಲ್ಲಿ ಆ ಜಾಗದಲ್ಲಿ ಇರುವವಳು ನಾನೊಬ್ಬಳೇ. ಜಾಲರಿಯವನು ತನ್ನ ಪಾಡಿಗೆ ಬಾರಿಸುತ್ತಿದ್ದಾನೆ, ನಗುವವರು ಯಾರೂ ಚಿತ್ರದೊಳಗಿಲ್ಲ. ಇದರಿಂದ ಕಾಲೋ ಒಳ್ಳೆಯವನಾಗುತ್ತಾನೋ ಕೆಟ್ಟವನಾಗುತ್ತಾನೋ, ಅದು ನನಗೆ ಬೇಕಿಲ್ಲ. ಆದರೆ ಆ ಜಾಲರಿಯವನ ಮೇಲೆ ನನ್ನ ಕಣ್ಣು ಬಿದ್ದಾಗ ನಾಚಿಕೆಯಾದದ್ದು ನನಗೆ, ಅವನಿಗಲ್ಲ.

ಹಳೆಯ ಓದುಗ:

ತಪ್ಪಾಯಿತು. ಆ ಪದವನ್ನು ಮೊದಲು ಎಳೆದು ತಂದದ್ದು ಶೀರ್ಷಿಕೆ, ಆದರೂ ನಾನೂ ಹಾಗೆಯೇ ಮುಂದುವರಿದೆ.

ಹಿನ್ನೆಲೆಗಾಗಿ ಒಂದು ಮಾತು. ಮೆಡಿಚಿ ಅರಮನೆಯಲ್ಲಿ ಕುಳ್ಳರನ್ನು ಮನರಂಜನೆಗೆ ಇಟ್ಟುಕೊಳ್ಳುವುದು ಕಾಲೋಗಿಂತ ಎರಡು ತಲೆಮಾರು ಹಿಂದಿನಿಂದ ಬಂದದ್ದು. ಮೊರ್ಗಾಂತೆ ಎಂದು ಕರೆಸಿಕೊಂಡ ಒಬ್ಬನನ್ನು ಬ್ರೋಂಜಿನೋ ಬಟ್ಟೆಯಿಲ್ಲದೆ ಚಿತ್ರಿಸಿದ. ವಲೇರಿಯೋ ಚಿಯೋಲಿ ಆಮೆಯ ಮೇಲೆ ಕೂರಿಸಿ ಅಮೃತಶಿಲೆಯಲ್ಲಿ ಕಡೆದ. ಮೊರ್ಗಾಂತೆ ಎಂಬುದು ಹಳೆಯ ಕಾವ್ಯವೊಂದರ ದೈತ್ಯನ ಹೆಸರು, ಕುಳ್ಳನಿಗೆ ಇಟ್ಟ ಅಣಕದ ಹೆಸರು. ಕಾಲೋನ ಗೊಬ್ಬಿಗಳೂ ಮುಂದೆ ಯೂರೋಪೆಲ್ಲ ಹರಡಿದವು. 18ನೆಯ ಶತಮಾನದಲ್ಲಿ ಪಿಂಗಾಣಿ ಬೊಂಬೆಗಳಾದವು. ಸಾಲ್ಜ್‌ಬುರ್ಗ್‌ನ ಮಿರಾಬೆಲ್ ಉದ್ಯಾನದ ಕುಳ್ಳರ ಶಿಲ್ಪಗಳೂ ಅದೇ ವಂಶದವು.

ಬಾಗಿದ ಬೆನ್ನು:

ತೋಟದ ಅಲಂಕಾರ. ಸರಿ.

ಪ್ರಶ್ನೆಗಾರ್ತಿ:

ನೋಡುವವರ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನನಗೆ ಕಾಲೋ ಎಂದರೆ ಮೊದಲು ನೆನಪಾಗುವುದು ಅದೇ. ಫ್ಲಾರೆನ್ಸಿನಲ್ಲಿ ಅವನ ಸಂಬಳದ ಕೆಲಸವೇ ವೈಭವದ ವರದಿ. 1616ರ ಫೆಬ್ರುವರಿಯಲ್ಲಿ ಸಾಂತಾ ಕ್ರೋಚೆ ಚೌಕದಲ್ಲಿ ‘ಪ್ರೇಮಯುದ್ಧ’ ಎಂಬ ಹೆಸರಿನ ಕುದುರೆ ಕವಾಯತು, ರಥಗಳ ಪ್ರದರ್ಶನ. ಅದೇ ಅಕ್ಟೋಬರದಲ್ಲಿ ‘ಸೌಂದರ್ಯಯುದ್ಧ’. 1617ರಲ್ಲಿ ಮೆಡಿಚಿಗಳ ಮಗಳನ್ನು ಮಾಂತುವಾದ ಡ್ಯೂಕನಿಗೆ ಕೊಟ್ಟಾಗ ಉಫೀತ್ಸಿ ಕಟ್ಟಡದ ರಂಗಮಂದಿರದಲ್ಲಿ ಜೂಲಿಯೋ ಪರೀಜಿ ಯಂತ್ರಗಳನ್ನು ಕಟ್ಟಿ ಆಡಿಸಿದ ಆಟ. ಇವೆಲ್ಲವನ್ನೂ ಕಾಲೋ ತಗಡಿಗಿಳಿಸಿದ. 1617ರ ಮೊದಲ ಚಿತ್ರದಲ್ಲಿ ನಾನು ಮತ್ತೆ ಮತ್ತೆ ನೋಡುವುದು ರಂಗದಿಂದ ಸಭಾಂಗಣಕ್ಕೆ ಇಳಿದು ಬರುವ ಬಾಗಿದ ಇಳಿಜಾರುಗಳನ್ನು. ನರ್ತಕರು ಅದರ ಮೇಲೆ ಇಳಿದು ಪ್ರೇಕ್ಷಕರ ನಡುವೆಯೇ ಕುಣಿಯುತ್ತಾರೆ. ಆಸ್ಥಾನದವರಿಗೂ ಪಾತ್ರಧಾರಿಗಳಿಗೂ ನಡುವೆ ಗೆರೆಯಿಲ್ಲ.

1619ರ ‘ಬೀಸಣಿಗೆ’ ಇನ್ನೂ ಸೊಗಸು. ಆರ್ನೋ ನದಿಯಲ್ಲಿ ನೇಕಾರರ ರಾಜನಿಗೂ ಬಣ್ಣಗಾರರ ರಾಜನಿಗೂ ಸುಳ್ಳು ಯುದ್ಧ. ಅದನ್ನು ಬೀಸಣಿಗೆಯ ಆಕಾರದ ಚೌಕಟ್ಟಿನೊಳಗೆ ಬಿಡಿಸಿದ್ದಾನೆ. ಆ ಚೌಕಟ್ಟಿನ ಮೇಲೆಯೇ ಹತ್ತಿ ಕುಳಿತು ಕೆಲವರು ನದಿಯತ್ತ ನೋಡುತ್ತಿದ್ದಾರೆ.

ಲಂಡನ್ನಿನ ಮಳೆ:

ಇಂಪ್ರುನೇತಾ ಜಾತ್ರೆಯನ್ನು ಬಿಟ್ಟಿರಲ್ಲ! 1620ರದ್ದು. ಅಕ್ಟೋಬರದಲ್ಲಿ ಸಂತ ಲೂಕನ ಹಬ್ಬಕ್ಕೆ ಫ್ಲಾರೆನ್ಸಿನ ಹೊರಗಿನ ಊರಲ್ಲಿ ಸೇರುವ ಸಂತೆ. ಒಂದೇ ತಗಡಿನ ಮೇಲೆ ಸಾವಿರಕ್ಕೂ ಹೆಚ್ಚು ಜನ, ಅಲ್ಲದೆ ಕುದುರೆ, ಕತ್ತೆ, ನಾಯಿ. ಇಂಪ್ರುನೇತಾ ಮಣ್ಣಿನ ಪಾತ್ರೆಗೆ ಹೆಸರಾದ ಊರು, ಅವುಗಳ ರಾಶಿಯೂ ಇದೆ. ಹಾವು ಹಿಡಿದು ಔಷಧಿ ಮಾರುವ ಒಬ್ಬ ಅಟ್ಟದ ಮೇಲೆ ನಿಂತಿದ್ದಾನೆ, ಸುತ್ತ ಜನ. ಇನ್ನೊಂದು ಕಡೆ ಒಬ್ಬನನ್ನು ಕೈ ಹಿಂದಕ್ಕೆ ಕಟ್ಟಿ ಹಗ್ಗದಲ್ಲಿ ಮೇಲಕ್ಕೆಳೆದಿದ್ದಾರೆ, ಶಿಕ್ಷೆ. ಅಲ್ಲಿಯೂ ಜನ. ಎರಡಕ್ಕೂ ಗೆರೆಯ ದಪ್ಪ ಒಂದೇ. ಜನ ಇದನ್ನು ಎಷ್ಟು ಮೆಚ್ಚಿರಬೇಕೆಂದರೆ, ನಾನ್ಸಿಗೆ ಮರಳಿದ ಮೇಲೆ ಅದೇ ಜಾತ್ರೆಯನ್ನು ಇನ್ನೊಂದು ತಗಡಿನಲ್ಲಿ ಮೊದಲಿನಿಂದ ಕೊರೆದ.

ತಾಮ್ರದ ತಗಡು:

ಸಾವಿರ ಜನ, ಎರಡು ಸಲ! ನನಗೆ ಕೈ ನಡುಗುತ್ತದೆ.

ಹಳೆಯ ಓದುಗ:

ಹಾಗೆ ಹಗ್ಗದಲ್ಲಿ ಎಳೆಸಿಕೊಂಡವನು 1633ರಲ್ಲಿ ಮತ್ತೆ ಬರುತ್ತಾನೆ. ‘ಯುದ್ಧದ ದುರವಸ್ಥೆಗಳು’ ಎಂಬ 18 ಚಿತ್ರಗಳ ಮಾಲೆ. ಅದೇ ವರ್ಷ ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿ ನಾನ್ಸಿಯನ್ನು ವಶಪಡಿಸಿಕೊಂಡ. ಹಿಂದೆ ಕಾಲೋ ಅದೇ ದೊರೆಗಾಗಿ ಲಾ ರೊಶೆಲ್ ಮುತ್ತಿಗೆಯ ಚಿತ್ರ ಮಾಡಿದ್ದ. ನಾನ್ಸಿಯ ಪತನವನ್ನೂ ಬಿಡಿಸು ಎಂದಾಗ ಹೆಬ್ಬೆರಳು ಕತ್ತರಿಸಿಕೊಂಡೇನು, ಬಿಡಿಸೆ ಎಂದನಂತೆ. ನಂತರದ ಚರಿತ್ರಕಾರರು ಹೇಳಿದ ಕಥೆ, ಅಷ್ಟಕ್ಕೇ ಇಟ್ಟುಕೊಳ್ಳಿ.

ಆ ಮಾಲೆಯ ಗಲ್ಲುಮರ ಎಲ್ಲರಿಗೂ ಗೊತ್ತು. ಒಂದು ದೊಡ್ಡ ಮರ, ಕೊಂಬೆ ಕೊಂಬೆಗೂ ಹೆಣಗಳು ಹಣ್ಣಿನಂತೆ. ಏಣಿಯ ಮೇಲೆ ಪಾದ್ರಿ ಶಿಲುಬೆ ಹಿಡಿದಿದ್ದಾನೆ. ಮರದ ಬುಡದಲ್ಲಿ ಇಬ್ಬರು ನಗಾರಿಯ ಮೇಲೆ ದಾಳ ಉರುಳಿಸುತ್ತಿದ್ದಾರೆ. ಸುತ್ತ ಸೈನ್ಯ ಸಾಲಾಗಿ ನಿಂತಿದೆ. ರಂಗಸಜ್ಜಿಕೆ ಅದೇ: ನಡುವೆ ಆಟ, ಎರಡು ಬದಿ ನೋಡುವವರು, ಮುಂದೆ ದಪ್ಪ ಗೆರೆಯ ನಾಲ್ಕಾರು ಮಂದಿ.

ಪ್ರಶ್ನೆಗಾರ್ತಿ:

ಯುದ್ಧ ವಿರೋಧಿ ಚಿತ್ರಗಳ ಮೂಲಪುರುಷ ಎಂದು ಅವನನ್ನು ಹೊಗಳುವುದು ಅದಕ್ಕೇ ತಾನೇ?

ಹಳೆಯ ಓದುಗ:

ಹಾಗೆ ಹೊಗಳುವವರು ಚಿತ್ರದ ಕೆಳಗಿನ ಪದ್ಯವನ್ನು ಓದುವುದಿಲ್ಲ. ನೇತುಬಿದ್ದವರು ಊರು ಕೊಳ್ಳೆ ಹೊಡೆದ ಸೈನಿಕರು. ಪಾಪಿಗಳಿಗೆ ತಕ್ಕ ಶಾಸ್ತಿಯಾಯಿತು ಎಂದೇ ಪದ್ಯದ ಧಾಟಿ. ಸ್ಪೇನಿನ ಕಲಾವಿದ ಗೋಯಾನ ಯುದ್ಧಚಿತ್ರಗಳಲ್ಲಿ ಹೆಣ ನಮ್ಮ ಮುಖಕ್ಕೆ ಬರುತ್ತದೆ. ಕಾಲೋ ನಮ್ಮನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತಾನೆ. ಅದು ಕರುಣೆ ಇಲ್ಲದ್ದಕ್ಕಲ್ಲ; ಗುಂಪು ಸೇರುವುದನ್ನು ಅವನು ಬೇರೆ ರೀತಿಯಲ್ಲಿ ಕಂಡವನೇ ಅಲ್ಲ.

ಬಾಗಿದ ಬೆನ್ನು:

ದಾಳ ಆಡುವವರ ಬಗ್ಗೆ ನೀವು ಹೇಳಿದ್ದನ್ನು ಎರಡು ಸಲ ಓದಿದೆ. ಅವರು ಮೇಲೆ ನೋಡುತ್ತಲೂ ಇಲ್ಲ.

ಪರದೆ ಎಳೆಯುವವ:

ಮುಖವಾಡ ಕೇಳಲು ಬಂದವನು ಗಲ್ಲುಮರದ ಕೆಳಗೆ ನಿಂತಿದ್ದೇನೆ. ಆದರೂ ಕೆಲಸದ ಮಾತು. ಹಿಂದಿರುವ ಸಣ್ಣ ಪ್ರೇಕ್ಷಕರನ್ನು ನೋಡೋಣವೆಂದು ನನ್ನ ಪ್ರಿಂಟ್‌ಗಳನ್ನು ತೆಗೆದೆ. ನನ್ನವುಗಳಲ್ಲಿ ಯಾರೂ ಇಲ್ಲ! ಎಂಟು ಚಿತ್ರ, ಎಂಟರಲ್ಲೂ ಎರಡೆರಡು ಆಕೃತಿ ಮಾತ್ರ. ಲಂಡನ್ನಿನವರು ನೋಡಿದ್ದು ಬೇರೆ ಯಾವುದೋ ಮಾಲೆಯೇ?

ಹಳೆಯ ಓದುಗ:

ಎಂಟು ಎಂದಿರಾ? ಹಾಗಾದರೆ ನಿಮ್ಮ ಬಳಿ ಇರುವುದು ಕಾಲೋನದ್ದೇ ಅಲ್ಲ. ಜರ್ಮನಿಯ ಕಥೆಗಾರ ಹಾಫ್‌ಮನ್ ಕಾಲೋನ ಹುಚ್ಚು ಅಭಿಮಾನಿ. 1814ರಲ್ಲಿ ತನ್ನ ಮೊದಲ ಕಥಾಸಂಗ್ರಹಕ್ಕೇ ಕಾಲೋನ ಹೆಸರು ಸೇರಿಸಿದ್ದ. 1820ರಲ್ಲಿ ಬಂದ ಅವನ ‘ಪ್ರಿನ್ಸೆಸ್ ಬ್ರಂಬಿಲ್ಲಾ’ ಕಥೆಗೆ ಈ 24ರಲ್ಲಿ ಎಂಟನ್ನು ಆರಿಸಿ ತೀಲೆ ಎಂಬ ಕಲಾವಿದನಿಂದ ಹೊಸದಾಗಿ ಕೆತ್ತಿಸಿದರು. ಆ ಪ್ರತಿಗಳಲ್ಲಿ ಹಿಂದಿನ ಊರು, ಅಟ್ಟ, ಜನ ಎಲ್ಲವನ್ನೂ ಅಳಿಸಿಬಿಟ್ಟರು. ಹಾಗಾಗಿ ಜಾತ್ರೆಯಲ್ಲಿ ಕುಣಿಯುತ್ತಿದ್ದವರು ಕನಸಿನಲ್ಲಿ ಕುಣಿಯುವವರಾದರು. ಕಥೆಗೆ ಅದೇ ಬೇಕಿತ್ತು.

ತಾಮ್ರದ ತಗಡು:

ಇನ್ನೊಂದು. ತಗಡಿನ ಮೇಲೆ ಬಲಕ್ಕಿರುವುದು ಕಾಗದದ ಮೇಲೆ ಎಡಕ್ಕೆ ಬರುತ್ತದೆ. ಮುದ್ರಿತ ಚಿತ್ರವನ್ನು ನೋಡಿ ಹಾಗೆಯೇ ನಕಲು ಕೆತ್ತಿದರೆ ಅಚ್ಚಾದಾಗ ಎಲ್ಲವೂ ತಿರುವುಮುರುವು. ತೀಲೆಯ ಪ್ರತಿಗಳು ಹಾಗೆ ತಿರುವಿದವೇ. ನಿಮ್ಮ ನಟರು ಯಾವ ಕಾಲಿನ ಮೇಲೆ ಭಾರ ಹಾಕುತ್ತಿದ್ದಾರೆ, ಒಮ್ಮೆ ಮೂಲದ ಜೊತೆ ಹೋಲಿಸಿ.

ಪರದೆ ಎಳೆಯುವವ:

ಹೋಲಿಸಿದೆ. ಸೊಂಟ ಉಳುಕಿಸಿಕೊಂಡವನಿಗೆ ಫೋನ್ ಮಾಡಿ, ನೀನು ಮೂರು ವಾರದಿಂದ ಕನ್ನಡಿಯೊಳಗಿನ ಕಾಲಿನಲ್ಲಿ ನಿಂತಿದ್ದೆ ಎಂದು ಹೇಳಿದೆ. ಅವನು ಏನು ಹೇಳಿದ ಎಂಬುದನ್ನು ಇಲ್ಲಿ ಬರೆಯಲಾಗದು.

ಮುಖವಾಡಗಳಿಗೆ ಪಾಂತಲೋನೆಯ ಆ ದೊಡ್ಡ ಚಿತ್ರಗಳನ್ನೇ ಕಳಿಸುತ್ತಿದ್ದೇನೆ. ಆರರ ಬದಲು ನಾಲ್ಕು ಸಾಕು. ಉಳಿದ ಇಬ್ಬರು ನಟರನ್ನು ಮುಖವಾಡವಿಲ್ಲದೆ ರಂಗದ ಹಿಂದಿನ ಅಂಚಿನಲ್ಲಿ ಕೂರಿಸುತ್ತೇನೆ, ಆಟದ ಉದ್ದಕ್ಕೂ ಬೆನ್ನು ತಿರುಗಿಸಿ ಹರಟುತ್ತಿರಲಿ. ದಾಳ ಕೊಡಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಬಾಗಿದ ಬೆನ್ನು ಅವರೇ, ತಾಲೀಮು ಪ್ರತಿ ಭಾನುವಾರ ಸಂಜೆ. ಮಂಥರೆಯ ಪಾತ್ರ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಬಾಗಿದ ಬೆನ್ನು:

ಜಾಲರಿ ಬಾರಿಸುವ ಪಾತ್ರ ಇದೆಯೇ?